ಸಿಡಿತದ ನಂತರ ಬದಲಾದ ಕಿವಿಮೊರೆತ

ಪ್ರಶ್ನೆ: ನನಗೆ 46 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕ. ಹಲವು ವರ್ಷಗಳಿಂದ ಎರಡೂ ಕಿವಿಗಳಲ್ಲಿ ಜೀರುಂಡೆ ಕೂಗಿದಂಥ ಸಣ್ಣ ಮೊರೆತವಿದೆ. ಅದಕ್ಕೆ ಹೊಂದಿಕೊಂಡುಬಿಟ್ಟಿದ್ದೆ. ಈ ಸಲದ ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ ಯಾರೋ ಎಸೆದ ಪಟಾಕಿ ನನ್ನ ಎಡಗಿವಿಯಿಂದ ಮೂರಡಿ ದೂರದಲ್ಲಿ ಸಿಡಿಯಿತು. ಕಿವಿ ಕಟ್ಟಿದಂತಾಗಿ, ಎರಡು ದಿನಗಳಲ್ಲಿ ಬಿಟ್ಟುಕೊಂಡಿತು. ಆದರೆ ಎಡಗಿವಿಯ ಮೊರೆತ ಮೊದಲಿಗಿಂತ ಜೋರಾಗಿದೆ, ಅದರೊಂದಿಗೆ ಇನ್ನೊಂದು ಹೊಸ ಸ್ವರವೂ ಸೇರಿಕೊಂಡಿದೆ. ಫ್ಯಾನ್ ಹಾಕಿದರೆ, ನಲ್ಲಿ ಬಿಟ್ಟರೆ ಮೊರೆತವೂ ಏರುತ್ತದೆ. ಒಂದು ವಾರದ ನಂತರ ಮಾಡಿಸಿದ ಆಡಿಯೋಗ್ರಾಂ (ಕೇಳುವ ಶಕ್ತಿಯ ಪರೀಕ್ಷೆ) ಹಿಂದಿನಂತೆಯೇ ಇದೆ ಎಂದರು. ಈಗ ಮೂರು ವಾರವಾಗಿದೆ. ಇದು ಇನ್ನು ಹೀಗೆಯೇ ಉಳಿಯುವುದೇ? ಇಡೀ ದಿನ ಇಯರ್‌ಪ್ಲಗ್ ಹಾಕಿಕೊಂಡಿರುವುದು ಒಳ್ಳೆಯದೇ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಕಿವಿಗೆ ಏನಾಯಿತು ಎಂಬುದೂ ಮೊರೆತ ಏಕೆ ಬದಲಾಯಿತು ಎಂಬುದೂ ಒಂದೇ ಪ್ರಶ್ನೆಯಂತೆ ಕಾಣುತ್ತವೆ. ಅವು ಎರಡು ಬೇರೆ ಪ್ರಶ್ನೆಗಳಾಗಿರುವುದರಿಂದಲೇ ಆಡಿಯೋಗ್ರಾಂನಲ್ಲಿ ವ್ಯತ್ಯಾಸ ಕಾಣದೆಯೂ ಮೊರೆತ ಜೋರಾಗಿರಲು ಸಾಧ್ಯ. ಮೊರೆತ ಎಷ್ಟು ಜೋರಾಗಿದೆಯೋ ಕಿವಿಗೆ ಅಷ್ಟೇ ಹಾನಿಯಾಗಿದೆ ಎಂದು ಲೆಕ್ಕ ಹಾಕಲು ಬರುವುದಿಲ್ಲ.

ನಿಮ್ಮ ಕಿವಿಯ ಮೇಲೆ ಬಿದ್ದ ಸದ್ದು ಮಾತ್ರ ಸಣ್ಣದಲ್ಲ. ನಮ್ಮ ದೇಶದ ನಿಯಮದಂತೆ, ಪಟಾಕಿ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ ಅಳೆದಾಗ ಸದ್ದಿನ ಶಿಖರಮಟ್ಟ 145 ಡೆಸಿಬೆಲ್ ಮೀರಬಾರದು. ಬಯಲಿನಲ್ಲಿ ದೂರ ಅರ್ಧಕ್ಕಿಳಿದಂತೆಲ್ಲ ಸುಮಾರು 6 ಡೆಸಿಬೆಲ್ ಏರುತ್ತದೆಯಾದ್ದರಿಂದ, ಮೂರಡಿ ಅಂದರೆ ಹೆಚ್ಚುಕಡಿಮೆ 1 ಮೀಟರ್ ದೂರದಲ್ಲಿ, ನಿಯಮ ಪಾಲಿಸಿದ ಪಟಾಕಿಯೇ 157 ಡೆಸಿಬೆಲ್ ಮುಟ್ಟಬಹುದು. ಕ್ಷಣಮಾತ್ರದ ಸಿಡಿತಗಳಿಗೆ ಕೆಲಸದ ಸ್ಥಳಗಳಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಗರಿಷ್ಠ ಮಿತಿ 140. ನಿಯಮವನ್ನು ಬರೆದವರು ನಾಲ್ಕು ಮೀಟರ್ ಆಚೆ ನಿಂತ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ನಮ್ಮ ಮೆರವಣಿಗೆಗಳಲ್ಲಿ ಅಷ್ಟು ಜಾಗ ಯಾರಿಗೂ ಸಿಗುವುದಿಲ್ಲ.

ಜೋರು ಸದ್ದು ಕೇಳಿದಾಗ ನಡುಗಿವಿಯ ಪುಟ್ಟ ಸ್ನಾಯುವೊಂದು ಬಿಗಿಯಾಗಿ, ಒಳಗಿವಿಗೆ ಹೋಗುವ ಶಕ್ತಿಯನ್ನು ಒಂದಿಷ್ಟು ತಗ್ಗಿಸುತ್ತದೆ. ಆದರೆ ಅದು ಎಚ್ಚೆತ್ತುಕೊಳ್ಳಲು ಹತ್ತಾರು ಮಿಲಿಸೆಕೆಂಡುಗಳು ಬೇಕು. ಪಟಾಕಿಯ ಸಿಡಿತದ ತೀವ್ರವಾದ ಭಾಗ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದಿರುತ್ತದೆ. ಕಾರ್ಖಾನೆಯ ಸತತ ಗದ್ದಲಕ್ಕಿಂತ ಇಂಥ ಹಠಾತ್ ಸದ್ದು ಬೇರೆ ಬಗೆಯದು ಎನ್ನುವುದಕ್ಕೆ ಇದೊಂದು ಕಾರಣ.

ಒಳಗಿವಿಯ ಕಾಕ್ಲಿಯದಲ್ಲಿ, ಒಂದು ಕಿವಿಗೆ ಸುಮಾರು 15,000ದಂತೆ, ಸದ್ದನ್ನು ಹಿಡಿಯುವ ರೋಮಕೋಶಗಳಿವೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆದರೆ ಬಳಲಿದ ರೋಮಕೋಶ ಚೇತರಿಸಿಕೊಳ್ಳುತ್ತದೆ. ನಿಮ್ಮ ಕಿವಿ ಕಟ್ಟಿದಂತಾಗಿ ಎರಡು ದಿನಗಳಲ್ಲಿ ಬಿಟ್ಟುಕೊಂಡಿದ್ದು ಬಹುತೇಕ ಈ ತಾತ್ಕಾಲಿಕ ಮಂದತೆಯೇ ಇರಬೇಕು. ವಿಷಯ ಇಲ್ಲಿಗೇ ಮುಗಿಯುತ್ತದೆ ಎಂದು ಬಹುಕಾಲ ತಿಳಿಯಲಾಗಿತ್ತು. 2009ರಲ್ಲಿ ಬಾಸ್ಟನ್ನಿನ ಶರಾನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳ ಮೇಲೆ ನಡೆಸಿದ ಅಧ್ಯಯನ ಆ ತಿಳಿವಳಿಕೆಯನ್ನು ಅಲುಗಾಡಿಸಿತು. ಎರಡು ಗಂಟೆ ಕಾಲ 100 ಡೆಸಿಬೆಲ್ ಸದ್ದಿಗೆ ಒಡ್ಡಿದ ಇಲಿಗಳ ಕೇಳುವ ಮಿತಿ ಕೆಲವು ವಾರಗಳಲ್ಲಿ ಪೂರ್ತಿ ಹಿಂದಿನ ಮಟ್ಟಕ್ಕೆ ಬಂತು, ರೋಮಕೋಶಗಳೂ ಉಳಿದವು. ಆದರೆ ಆ ಕೋಶಗಳನ್ನು ಶ್ರವಣ ನರಕ್ಕೆ ಜೋಡಿಸುವ ಸಂಪರ್ಕಬಿಂದುಗಳಲ್ಲಿ, ಪೆಟ್ಟು ಬಿದ್ದ ಭಾಗದಲ್ಲಿ, ಸುಮಾರು ಅರ್ಧದಷ್ಟು ಕಳೆದುಹೋಗಿದ್ದವು. ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಎಂಬುದನ್ನಷ್ಟೇ ಅಳೆಯುವ ಆಡಿಯೋಗ್ರಾಂಗೆ ಈ ನಷ್ಟ ಕಾಣುವುದಿಲ್ಲ. ಬದುಕಿರುವ ಮನುಷ್ಯನ ಒಳಗಿವಿಯನ್ನು ತೆರೆದು ಎಣಿಸಲಾಗದ್ದರಿಂದ ನಿಮ್ಮಲ್ಲೂ ಇದೇ ಆಗಿದೆ ಎಂದು ಯಾವ ವೈದ್ಯನೂ ಖಚಿತವಾಗಿ ಹೇಳಲಾರ. ಆದರೆ ವರದಿ ಸರಿಯಾಗಿದೆ ಎಂದ ಮಾತ್ರಕ್ಕೆ ನಿಮ್ಮ ಮೊರೆತ ಕಲ್ಪನೆ ಎನ್ನುವುದಕ್ಕೆ ಆಧಾರವಿಲ್ಲ.

ಇನ್ನು ಮೊರೆತದ ಬದಲಾವಣೆ. ಒಳಗಿವಿಯಿಂದ ಬರುವ ಸಂಕೇತ ಯಾವುದೋ ಒಂದು ಸ್ವರಮಟ್ಟದಲ್ಲಿ ಕ್ಷೀಣಿಸಿದಾಗ, ಮಿದುಳಿನ ಶ್ರವಣ ಕೇಂದ್ರಗಳು ಆ ಭಾಗದಲ್ಲಿ ತಮ್ಮ ಸಂವೇದನೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಸ್ಟೇಷನ್ ಸರಿಯಾಗಿ ಸಿಗದ ರೇಡಿಯೋದ ವಾಲ್ಯೂಮ್ ಏರಿಸಿದರೆ ಮಾತಿಗಿಂತ ಕರಕರ ಸದ್ದೇ ಮುಂದಾಗುತ್ತದಲ್ಲ, ಹಾಗೆ ನರಗಳ ಸಹಜ ಚಟುವಟಿಕೆಯೇ ಸದ್ದಾಗಿ ಕೇಳತೊಡಗುತ್ತದೆ. ನಿಮ್ಮ ಹಳೆಯ ಮೊರೆತ ಈ ರೀತಿ ಬಹಳ ಹಿಂದೆಯೇ ನೆಲೆಯೂರಿದ್ದು. ಪಟಾಕಿಯ ಪೆಟ್ಟು ಸಾಮಾನ್ಯವಾಗಿ 3000ದಿಂದ 6000 ಹರ್ಟ್ಸ್ ನಡುವಿನ ಭಾಗಕ್ಕೆ ಹೆಚ್ಚು ಬೀಳುತ್ತದೆ. ಹಳೆಯ ಮೊರೆತ ಅದಕ್ಕಿಂತ ಮೇಲಿನ ಸ್ವರದ್ದಾಗಿದ್ದರೆ, ಹೊಸದಾಗಿ ಪೆಟ್ಟು ತಿಂದ ಭಾಗ ತನ್ನದೇ ಇನ್ನೊಂದು ಸ್ವರವನ್ನು ಸೇರಿಸುವುದು ಸಹಜವೇ. ಫ್ಯಾನ್ ಹಾಕಿದಾಗ ಮೊರೆತ ಏರುವುದೂ ಹೆಚ್ಚಿದ ಈ ಸಂವೇದನೆಯ ಇನ್ನೊಂದು ಮುಖ. ಫ್ಯಾನಿನ ಸದ್ದು ನಿಮ್ಮ ಕಿವಿಯನ್ನು ಮತ್ತಷ್ಟು ಕೆಡಿಸುತ್ತಿದೆ ಎಂದು ಇದರ ಅರ್ಥವಲ್ಲ. ಅಷ್ಟು ಸಣ್ಣ ಸದ್ದಿಗೆ ಆ ಶಕ್ತಿಯಿಲ್ಲ.

ಹೀಗೆಯೇ ಉಳಿಯುವುದೇ ಎಂದು ಕೇಳಿದ್ದೀರಿ. ಮೂರು ವಾರ ತೀರ್ಪು ಕೊಡುವ ಅವಧಿಯಲ್ಲ. ಕೇಳುವ ಶಕ್ತಿಯ ಚೇತರಿಕೆ ಬಹುಮಟ್ಟಿಗೆ ಮೊದಲ ಕೆಲವು ವಾರಗಳಲ್ಲಿ ಮುಗಿಯುತ್ತದೆ, ಆದರೆ ಮೊರೆತ ಇಳಿಯುವುದು ಅದಕ್ಕಿಂತ ನಿಧಾನ, ತಿಂಗಳುಗಳ ಲೆಕ್ಕದ್ದು. ಹಳೆಯ ಮೊರೆತ ಇರುವವರಲ್ಲಿ ಇಂಥ ಏರಿಕೆ ಎಷ್ಟೋ ಸಲ ಹಿಂದಿನ ಮಟ್ಟಕ್ಕೇ ಮರಳುತ್ತದೆ. ಕೆಲವರಲ್ಲಿ ಹೊಸ ಸ್ವರ ಉಳಿದುಕೊಂಡರೂ ಅದು ಕೊಡುವ ಕಾಟ ಇಳಿಯುತ್ತದೆ. ಇವೆರಡೂ ಒಂದೇ ಅಲ್ಲ ಎನ್ನುವುದನ್ನು ಪರೀಕ್ಷೆಯ ಕೋಣೆಯಲ್ಲಿ ಕಾಣಬಹುದು: ಸಹಿಸಲಾಗದಷ್ಟು ಜೋರು ಎಂದು ರೋಗಿ ಹೇಳುವ ಮೊರೆತವನ್ನು ಯಂತ್ರದ ಸದ್ದಿನೊಂದಿಗೆ ಹೋಲಿಸಿ ನೋಡಿದರೆ, ಬಹುತೇಕರಲ್ಲಿ ಅದು ಆ ಸ್ವರದಲ್ಲಿ ಅವರಿಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ ಹತ್ತು ಡೆಸಿಬೆಲ್ ಒಳಗೇ ಇರುತ್ತದೆ. ಕಾಟದ ಪ್ರಮಾಣವನ್ನು ನಿರ್ಧರಿಸುವುದು ನಿದ್ದೆ, ಆತಂಕ ಮತ್ತು ಗಮನ. ನೀವು ಹಳೆಯ ಮೊರೆತಕ್ಕೆ ಒಮ್ಮೆ ಹೊಂದಿಕೊಂಡವರು. ಸಾಮಾನ್ಯವಾಗಿ ಹೊಸದಾಗಿ ಮೊರೆತ ಬಂದವರಿಗಿಂತ ನಿಮ್ಮಂಥವರ ಪರಿಸ್ಥಿತಿ ಉತ್ತಮವೆಂದೇ ನಾನು ಎಣಿಸುತ್ತೇನೆ.

ಇಡೀ ದಿನ ಇಯರ್‌ಪ್ಲಗ್ ಬೇಡ. ಇದನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ, ಏಕೆಂದರೆ ಹೆದರಿದ ಮನುಷ್ಯ ಮೊದಲು ಮಾಡುವುದೇ ಇದನ್ನು. 1953ರಲ್ಲಿ ಅಮೆರಿಕದ ಹೆಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಶ್ರವಣದೋಷವಿಲ್ಲದ 80 ಮಂದಿಯನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಕೆಲವು ನಿಮಿಷ ಕೂರಿಸಿದಾಗ, ಅವರಲ್ಲಿ ಶೇ 94ರಷ್ಟು ಜನರಿಗೆ ಏನಾದರೊಂದು ಸದ್ದು ತಮ್ಮೊಳಗೇ ಕೇಳಿಸಿತ್ತು. ಮೌನದಲ್ಲಿ ಮೊರೆತ ಮುಂದೆ ಬರುತ್ತದೆ. ಇದಕ್ಕಿಂತ ನೇರವಾದ ಪುರಾವೆ 2003ರದು: ಕ್ರೇಗ್ ಫಾರ್ಮ್‌ಬಿ ಮತ್ತು ಸಂಗಡಿಗರು ಆರೋಗ್ಯವಂತರ ಕಿವಿಗೆ ಎರಡು ವಾರ ಇಯರ್‌ಪ್ಲಗ್ ಹಾಕಿಸಿದಾಗ, ತೆಗೆದ ಮೇಲೆ ಅವರಿಗೆ ಅದೇ ಸದ್ದು ಮೊದಲಿಗಿಂತ ಜೋರಾಗಿ ಕೇಳಿಸಿತು, ಸಣ್ಣ ಸದ್ದು ಹೊರಡಿಸುವ ಸಾಧನವನ್ನು ಹಾಕಿಕೊಂಡಿದ್ದವರಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಫಲ ಕಂಡಿತು. ಆದ್ದರಿಂದ ಪ್ಲಗ್ ನಿಮ್ಮ ಜೇಬಿನಲ್ಲಿರಲಿ, ಮೆರವಣಿಗೆ, ಡಿಜೆ, ಡ್ರಿಲ್ಲಿಂಗ್ ಯಂತ್ರ ಎದುರಾದಾಗ ಕಿವಿಗೆ ಬರಲಿ. ತರಗತಿಯಲ್ಲಿ, ಅಡುಗೆಮನೆಯಲ್ಲಿ, ಬಸ್ಸಿನಲ್ಲಿ ಕಿವಿ ತೆರೆದೇ ಇರಲಿ. ರಾತ್ರಿ ಮಲಗುವಾಗ ಮಳೆಯ ಸದ್ದನ್ನೋ ಫ್ಯಾನಿನ ಸದ್ದನ್ನೋ ಮೊರೆತಕ್ಕಿಂತ ತುಸು ಕೆಳಗಿನ ಮಟ್ಟದಲ್ಲಿ ಇಟ್ಟುಕೊಳ್ಳಿ. ಮೊರೆತವನ್ನು ಮುಳುಗಿಸಿಬಿಡಬೇಕೆಂದು ವಾಲ್ಯೂಮ್ ಏರಿಸುತ್ತ ಹೋಗಬೇಡಿ. ಫ್ಯಾನ್ ಈಗ ತೊಂದರೆ ಕೊಡುವುದಾದರೆ ಕಡಿಮೆ ವೇಗದಲ್ಲಿ ಆರಂಭಿಸಿ, ದಿನಗಳೆದಂತೆ ಏರಿಸಿ.

ಮರೆಯದೆ ಮಾಡಿಸಬೇಕಾದದ್ದು ಇನ್ನೊಂದಿದೆ. ನಿಮ್ಮ ಆಡಿಯೋಗ್ರಾಂನ ಕಾಗದವನ್ನು ತೆಗೆದು ನೋಡಿ. ಅನೇಕ ಕಡೆ 250, 500, 1000, 2000, 4000, 8000 ಹರ್ಟ್ಸ್‌ಗಳಲ್ಲಿ ಮಾತ್ರ ಪರೀಕ್ಷಿಸಿ, 3000 ಮತ್ತು 6000ವನ್ನು ಬಿಟ್ಟುಬಿಡುತ್ತಾರೆ. ನಿಮ್ಮ ಪ್ರಕರಣದಲ್ಲಿ ಬೇಕಾಗಿರುವುದೇ ಆ ಎರಡು. ಎರಡು ತಿಂಗಳ ನಂತರ ಇವನ್ನೂ ಸೇರಿಸಿ ಮತ್ತೊಮ್ಮೆ ಮಾಡಿಸಿ. ಹೊರಗಿನ ರೋಮಕೋಶಗಳ ಸ್ಥಿತಿ ತಿಳಿಸುವ ಓಎಇ ಪರೀಕ್ಷೆ ಸಾಧ್ಯವಾದರೆ ಅದೂ ಇರಲಿ. ಒಂದು ಸ್ವರದಲ್ಲಿ 5 ಡೆಸಿಬೆಲ್ ವ್ಯತ್ಯಾಸ ಬಂದರೆ ಗಾಬರಿ ಬೇಡ, ಒಂದೇ ಕಿವಿಯನ್ನು ಎರಡು ದಿನ ಪರೀಕ್ಷಿಸಿದರೂ ಅಷ್ಟು ಬರುತ್ತದೆ. ಮೊರೆತ ನಾಡಿಯ ಬಡಿತದೊಂದಿಗೆ ಕುಟ್ಟುತ್ತಿದ್ದರೆ, ತಲೆ ತಿರುಗಿದರೆ, ಕಿವಿ ಕಟ್ಟಿದಂತಾಗುವುದು ಬಂದು ಹೋಗಿ ಮಾಡುತ್ತಿದ್ದರೆ ಎರಡು ತಿಂಗಳು ಕಾಯದೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಬೇಕು.

ನಿದ್ದೆಗೆಟ್ಟು ಬದುಕೇ ಬೇಸರವೆನಿಸುವ ಹಂತಕ್ಕೆ ಮೊರೆತ ಕೆಲವರನ್ನು ಒಯ್ಯುವುದುಂಟು. ನೀವು ಹಾಗೆ ಬರೆದಿಲ್ಲ. ಆದರೆ ಈ ಪುಟವನ್ನು ಓದುತ್ತಿರುವ ಯಾರಿಗಾದರೂ ಹಾಗೆನಿಸಿದ್ದರೆ, 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ, ಯಾವ ಹೊತ್ತಿನಲ್ಲಾದರೂ ಮಾತನಾಡಬಹುದು.

ಪ್ರಶ್ನೆ: ನಮ್ಮೂರ ದೇವಸ್ಥಾನದ ಜಾತ್ರೆಯಲ್ಲಿ ಗರ್ನಾಲು ಸಿಡಿಸುವ ಜಾಗದ ಹತ್ತಿರವೇ ನನ್ನ ಹದಿನಾಲ್ಕು ವರ್ಷದ ಮಗ ನಿಂತಿದ್ದ. ನಿನ್ನೆಯಿಂದ ಬಲಗಿವಿಯಲ್ಲಿ ಗುಂಯ್ ಎನ್ನುತ್ತಿದೆ, ಸರಿಯಾಗಿ ಕೇಳಿಸುತ್ತಿಲ್ಲ ಎನ್ನುತ್ತಾನೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡಿ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಬಿಡಬಹುದೇ?
— ತಾಯಿಯೊಬ್ಬರು, ಬೆಳ್ತಂಗಡಿ ತಾಲ್ಲೂಕು

ಉತ್ತರ: ಈ ಪತ್ರ ಬಂದ ದಿನವೇ ಅಂಚೆಯಲ್ಲಿ ಉತ್ತರ ಬರೆದಿದ್ದೇವೆ. ಪತ್ರಿಕೆಯ ಅಂಕಣಕ್ಕಾಗಿ ಕಾಯುವಂಥ ವಿಷಯ ಇದಲ್ಲ. ಆದರೂ ಇಲ್ಲಿ ಪ್ರಕಟಿಸುತ್ತಿರುವುದು, ಜಾತ್ರೆ ಮತ್ತು ದೀಪಾವಳಿಯ ಮರುದಿನ ಇದೇ ಪ್ರಶ್ನೆ ಬೇರೆ ಬೇರೆ ಮನೆಗಳಲ್ಲಿ ಏಳುತ್ತದೆ ಎಂಬ ಕಾರಣಕ್ಕೆ.

ಎಣ್ಣೆ ಬಿಡಬಾರದು. ಹತ್ತಿರದ ಸಿಡಿತದಿಂದ ಕಿವಿತಮಟೆ ಹರಿದಿರುವ ಸಾಧ್ಯತೆಯಿದೆ. ಹರಿದ ತಮಟೆಯ ಮೂಲಕ ಎಣ್ಣೆ, ನೀರು ಒಳಗಿಳಿದರೆ ಸೋಂಕಾಗುತ್ತದೆ, ಅಲ್ಲದೆ ವೈದ್ಯರು ಟಾರ್ಚ್ ಹಿಡಿದು ನೋಡಿದಾಗ ಎಣ್ಣೆಯೇ ಕಾಣುತ್ತದೆ ಹೊರತು ತಮಟೆ ಕಾಣುವುದಿಲ್ಲ. ಸಣ್ಣ ಹರಕುಗಳು ಬಹುಪಾಲು ಕೆಲವು ವಾರಗಳಲ್ಲಿ ತಾವಾಗಿಯೇ ಕೂಡಿಕೊಳ್ಳುತ್ತವೆ. ಅಲ್ಲಿಯವರೆಗೆ ಸ್ನಾನದ ಹೊತ್ತಿಗೆ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು, ಮುಗಿದ ಮೇಲೆ ತೆಗೆದುಬಿಡಬೇಕು. ಮೂಗಿನಿಂದ ಜೋರಾಗಿ ಗಾಳಿ ಊದಿ ಸಿಂಬಳ ತೆಗೆಯಬಾರದು.

ಪೆಟ್ಟು ತಮಟೆಗೋ ಒಳಗಿವಿಗೋ ಎನ್ನುವುದರ ಸುಳಿವು ಮನೆಯಲ್ಲಿಯೂ ಸಿಗುತ್ತದೆ. ಹುಡುಗ ಬಾಯಿ ಮುಚ್ಚಿ ‘ಮ್…’ ಎಂದು ಗುನುಗಲಿ. ಆ ಸದ್ದು ಮಂದವಾದ ಕಿವಿಯಲ್ಲೇ ಹೆಚ್ಚು ಕೇಳಿಸಿದರೆ ತೊಂದರೆ ತಮಟೆ ಅಥವಾ ನಡುಗಿವಿಯದಿರಬಹುದು. ಚೆನ್ನಾಗಿರುವ ಕಿವಿಯ ಕಡೆಗೆ ಹೋದಂತೆನಿಸಿದರೆ ಒಳಗಿವಿಗೆ ಪೆಟ್ಟಾಗಿರುವ ಅನುಮಾನ ಹೆಚ್ಚು. ಇದು ವೈದ್ಯರು 512 ಹರ್ಟ್ಸ್‌ನ ಶ್ರುತಿಕವಲು ಹಿಡಿದು ಮಾಡುವ ಪರೀಕ್ಷೆಯ ಮನೆಯ ರೂಪವಷ್ಟೇ, ಆಸ್ಪತ್ರೆಗೆ ಹೋಗದಿರಲು ನೆಪವಲ್ಲ. ಯಾವ ಕಡೆ ಕೇಳಿಸಿದರೂ ಹೋಗಬೇಕು. ಎರಡನೆಯದಾದರೆ ಅಂದೇ ಹೋಗಬೇಕು.

ಅವಸರ ಏಕೆಂದರೆ, ಒಳಗಿವಿಯ ಕೇಳುವ ಶಕ್ತಿ ಹಠಾತ್ತಾಗಿ ಕುಸಿದಾಗ ಕೊಡುವ ಸ್ಟೀರಾಯ್ಡ್ ಔಷಧಿಗೆ ಮೊದಲ ದಿನಗಳಲ್ಲೇ ಬೆಲೆ, ಎರಡು ವಾರ ದಾಟಿದ ಮೇಲೆ ಅದರಿಂದ ಹೆಚ್ಚಿನ ಪ್ರಯೋಜನ ನಿರೀಕ್ಷಿಸುವಂತಿಲ್ಲ. ಸದ್ದಿನ ಪೆಟ್ಟಿನಲ್ಲಿ ಈ ಔಷಧಿ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿಲ್ಲ, ಆದರೂ ಆಡಿಯೋಗ್ರಾಂನಲ್ಲಿ ಇಳಿತ ಕಂಡರೆ ಹೆಚ್ಚಿನ ತಜ್ಞರು ಕೊಡಲು ಮುಂದಾಗುತ್ತಾರೆ, ಅದನ್ನು ನಾನೂ ಒಪ್ಪುತ್ತೇನೆ. ಮೊರೆತ ಮಾತ್ರವಿದ್ದು ಕೇಳುವುದು ಸರಿಯಿದ್ದರೆ ಸ್ಟೀರಾಯ್ಡ್ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆಯಂತೂ ಇದು ಖಂಡಿತ ಅಲ್ಲ. ಮೊದಲ ಒಂದೆರಡು ವಾರ ಹುಡುಗ ಇಯರ್‌ಫೋನ್ ಹಾಕಿಕೊಳ್ಳದಿರಲಿ, ಚೆಂಡೆ, ವಾಲಗದ ಹತ್ತಿರ ನಿಲ್ಲದಿರಲಿ. ಬಳಲಿದ ಕಿವಿಗೆ ಎರಡನೆಯ ಪೆಟ್ಟು ಬೀಳುವುದು ಬೇಡ. ಮನೆಯ ಮಾತುಕತೆ, ಶಾಲೆ ಎಂದಿನಂತೆ ನಡೆಯಲಿ.

ಪ್ರಶ್ನೆ: ನಾನು ಸಶಸ್ತ್ರ ಮೀಸಲು ಪಡೆಯ ಪೊಲೀಸ್. ಪ್ರತಿ ಬಾರಿ ಫೈರಿಂಗ್ ಅಭ್ಯಾಸವಾದ ಮೇಲೆ ಎಡಗಿವಿಯ ಮೊರೆತ ಮೂರ್ನಾಲ್ಕು ದಿನ ಜೋರಾಗಿದ್ದು, ಆಮೇಲೆ ಇಳಿಯುತ್ತದೆ. ಬಲಗಿವಿಗೆ ಏನೂ ಇಲ್ಲ. ಹತ್ತಿ ಇಟ್ಟುಕೊಳ್ಳುತ್ತೇನೆ. ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ, ನಿಜವೇ?
— ಹೆಸರು ಬೇಡ, ಮೈಸೂರು

ಉತ್ತರ: ನಿಜವಲ್ಲ. ನಿಮ್ಮ ಊರಿನಲ್ಲೇ ದಸರಾದ 21 ಕುಶಾಲತೋಪುಗಳಿಗೆ ಮುನ್ನ ಆನೆ, ಕುದುರೆಗಳಿಗೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ. ಅದರಿಂದ ಪ್ರಾಣಿಗಳ ಬೆದರಿಕೆ ಹೋಗುತ್ತದೆ. ಮನುಷ್ಯರಲ್ಲೂ ಅಷ್ಟೇ, ಅಭ್ಯಾಸದಿಂದ ಬೆಚ್ಚಿಬೀಳುವುದು ಕಡಿಮೆಯಾಗುತ್ತದೆಯೇ ಹೊರತು ರೋಮಕೋಶಕ್ಕೆ ಬೀಳುವ ಪೆಟ್ಟು ಕಡಿಮೆಯಾಗುವುದಿಲ್ಲ.

ಎಡಗಿವಿಗೆ ಮಾತ್ರ ಏಕೆ ಎಂದರೆ, ನೀವು ಬಲಗೈಯವರಿರಬೇಕು. ರೈಫಲ್ಲಿನ ಹಿಡಿಯನ್ನು ಬಲಭುಜಕ್ಕೆ ಒತ್ತಿ ತಲೆಯನ್ನು ಬಲಕ್ಕೆ ವಾಲಿಸಿದಾಗ ಎಡಗಿವಿ ನಳಿಗೆಯ ಬಾಯಿಯ ಕಡೆ ತಿರುಗುತ್ತದೆ, ಬಲಗಿವಿ ತಲೆಯ ಮರೆಗೆ ಸರಿಯುತ್ತದೆ. ಪ್ರಪಂಚದಾದ್ಯಂತ ಬಂದೂಕು ಬಳಸುವವರ ಆಡಿಯೋಗ್ರಾಂಗಳಲ್ಲಿ ಕಾಣುವ ವ್ಯತ್ಯಾಸ ಇದು. ಮೂರ್ನಾಲ್ಕು ದಿನ ಉಳಿಯುವ ಏರಿಕೆ ಎಂದರೆ ಪ್ರತಿ ಅಭ್ಯಾಸದಲ್ಲೂ ಒಳಗಿವಿ ಬಳಲುತ್ತಿದೆ ಎಂದು ತಿಳಿಯಬೇಕು. ಮೊರೆತ ಇಳಿಯುತ್ತದೆಯಲ್ಲ ಎಂಬ ನೆಮ್ಮದಿಯನ್ನು ಹೆಚ್ಚು ದಿನ ನೆಚ್ಚಿಕೊಳ್ಳುವಂತಿಲ್ಲ.

ಹತ್ತಿಯಿಂದ ಈ ಮಟ್ಟದ ಸದ್ದಿಗೆ ಹೇಳಿಕೊಳ್ಳುವಂಥ ತಡೆಯಿಲ್ಲ. ಫೋಮ್ ಪ್ಲಗ್ ಒಳಗೆ, ಅದರ ಮೇಲೆ ಕಿವಿಯನ್ನು ಪೂರ್ತಿ ಮುಚ್ಚುವ ಮಫ್, ಹೀಗೆ ಎರಡೂ ಬೇಕು. ಎರಡನೆಯದರಿಂದ ಸಿಗುವುದು ಹೆಚ್ಚುವರಿ 5ರಿಂದ 10 ಡೆಸಿಬೆಲ್ ಮಾತ್ರ, ಆದರೆ ರೈಫಲ್ಲಿನ ಮಟ್ಟದಲ್ಲಿ ಅದೂ ಬೇಕಾದದ್ದೇ. ಫೋಮ್ ಪ್ಲಗ್ಗನ್ನು ಹಲವರು ಬರಿದೇ ಒತ್ತಿಬಿಡುತ್ತಾರೆ, ಅದು ಅರ್ಧಕ್ಕೇ ನಿಲ್ಲುತ್ತದೆ. ಬೆರಳುಗಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಪ್ಲಗ್ಗನ್ನು ಒಳಗೆ ಸೇರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಸರಿಯಾಗಿ ಕೂತಿದ್ದರೆ ನಿಮ್ಮ ಮಾತು ನಿಮಗೇ ತಲೆಯೊಳಗಿನಿಂದ ಬಂದಂತೆ ಕೇಳುತ್ತದೆ. ಮುಂದಿನ ಅಭ್ಯಾಸಕ್ಕೆ ಮೊದಲೊಂದು, ಆದ ಮರುದಿನ ಇನ್ನೊಂದು ಆಡಿಯೋಗ್ರಾಂ ಮಾಡಿಸಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮ್ಮ ಊರಿನಲ್ಲೇ ಇರುವಾಗ ಬೇರೆಲ್ಲೂ ಹುಡುಕಬೇಕಾಗಿಲ್ಲ.

ಪ್ರಶ್ನೆ: ಮೊರೆತಕ್ಕೆ ಗಿಂಕ್ಗೊ ಎಂಬ ಮರದ ಎಲೆಯ ಸಾರದ ಮಾತ್ರೆ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದೇನೆ. ಮುಂದುವರಿಸಲೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಲ್ಲಿಸಬಹುದು. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ, ದೀರ್ಘಕಾಲದ ಮೊರೆತಕ್ಕೆ ಗಿಂಕ್ಗೊ, ಸತು, ಮೆಲಟೋನಿನ್‌ಗಳನ್ನು ಶಿಫಾರಸು ಮಾಡಬಾರದೆಂದೇ ಹೇಳುತ್ತದೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಗಿಂಕ್ಗೊ ಅಪಾಯವನ್ನೂ ತರಬಹುದು. ಅದೇ ಮಾರ್ಗಸೂಚಿ ಶಿಫಾರಸು ಮಾಡಿರುವುದು, ಕಿವಿ ಮಂದವಾಗಿದ್ದರೆ ಶ್ರವಣ ಸಾಧನದ ಪರಿಶೀಲನೆಯನ್ನು ಮತ್ತು ಮೊರೆತದಿಂದ ಹಿಂಸೆಪಡುತ್ತಿರುವವರಿಗೆ ಸಿಬಿಟಿ ಎಂಬ ಮನೋಚಿಕಿತ್ಸೆಯನ್ನು. ಮಾತ್ರೆಗೆ ಈಗ ತಿಂಗಳಿಗೆ ಖರ್ಚಾಗುತ್ತಿರುವ ಹಣವನ್ನು ಒಂದು ಒಳ್ಳೆಯ ಆಡಿಯೋಗ್ರಾಂಗೆ ಹಾಕಿ, ಅದರ ಪ್ರತಿಯನ್ನು ಕಳುಹಿಸಿದರೆ ಮುಂದಿನದನ್ನು ನೋಡೋಣ.